ಯಾರೋ ಉಂಡ ತಾಟು

ನಮ್ಮೂರ ಕಲ್ಯಾಣ ಮಂಟಪದ ಹಿಂದೆ, ಹಳ್ಳದ ದಂಡೆಯ ಮೇಲೆ, ಒಂದು ಬಿಳಿಯ ಗುಡ್ಡೆ ಇತ್ತು. ಸೇತುವೆಯ ಆಚೆಯಿಂದ ಬಸ್ಸಿನಲ್ಲಿ ಬರುವ ಹೊಸಬರು ಕಿಟಕಿಯಿಂದ ಕತ್ತು ಹೊರಗೆ ಚಾಚಿ, "ಎಷ್ಟೊಂದು ಬೆಳ್ಳಕ್ಕಿ ಕೂತಾವ ನೋಡ್ರಿ" ಎಂದು ಬೆರಳು ಮಾಡಿ ತೋರಿಸುತ್ತಿದ್ದರು. ಬಸ್ಸು ಹತ್ತಿರವಾದಂತೆ ಆ ಬೆರಳು ತಾನಾಗಿ ಕೆಳಗಿಳಿಯುತ್ತಿತ್ತು. ಸೆರಗು, ಕರವಸ್ತ್ರಗಳು ಮೂಗಿಗೆ ಏರುತ್ತಿದ್ದವು. ಅವು ಬೆಳ್ಳಕ್ಕಿಗಳಲ್ಲ, ಮದುವೆಯ ಊಟ ಮುಗಿದ ಮೇಲೆ ಬಿಸಾಕಿದ ಪೇಪರ್ ಪ್ಲೇಟುಗಳು. ಹೆಸರಿಗೆ ಪೇಪರು. ಮೇಲೆ ತೆಳ್ಳಗಿನ ಪ್ಲಾಸ್ಟಿಕ್ಕಿನ ಚರ್ಮ. ಮಳೆಗೆ ಕರಗುವುದಿಲ್ಲ, ಮಣ್ಣಿಗೆ ಸೇರುವುದಿಲ್ಲ. ಹಕ್ಕಿಯಾದರೆ ಹಂಗಾಮು ಮುಗಿದ ಮೇಲೆ ಎದ್ದು ಹೋಗುತ್ತದೆ. ಅದು ಹೋಗಲಿಲ್ಲ.

ಗುಡ್ಡೆಯ ಕೆಳಗೇ ನಮ್ಮ ಕೇರಿ. ಅದು ತೀರಾ ಎತ್ತರವಾದಾಗ ಮಂಟಪದವರು ಬೆಂಕಿ ಹಚ್ಚುತ್ತಿದ್ದರು. ಗಾಳಿ ಯಾವತ್ತೂ ಅವರ ಕಡೆಗೆ ಬೀಸಿದ್ದು ನನಗೆ ನೆನಪಿಲ್ಲ. ಅವ್ವ ಒಣಹಾಕಿದ ಬಟ್ಟೆಯ ಮೇಲೆಲ್ಲ ಜಿಗುಟು ಮಸಿ ಕೂರುತ್ತಿತ್ತು. ಅವಳು ಅದನ್ನು ಮತ್ತೆ ನೀರಿಗೆ ಹಾಕಿ ಹಿಂಡುತ್ತ, "ಮದುವಿ ಅವರದು, ಹೊಗಿ ನಮ್ಮದು" ಎನ್ನುತ್ತಿದ್ದಳು. ಆ ಮಾತಿನಲ್ಲಿ ದೂರಿಗಿಂತ ನಗೆಯೇ ಹೆಚ್ಚಿರುತ್ತಿತ್ತು. ನಗೆಯಾಡದೆ ಆ ಕೇರಿಯಲ್ಲಿ ಬದುಕುವುದು ಸಾಧ್ಯವಿರಲಿಲ್ಲ.

ಈಗ ಕಾಲೇಜಿನ ಹುಡುಗ ಹುಡುಗಿಯರು ನನ್ನನ್ನು ಹುಡುಕಿಕೊಂಡು ಬರುತ್ತಾರೆ. "ಪರಿಸರದ ಕೆಲಸಕ್ಕ ನಿಮಗ ಪ್ರೇರಣೆ ಏನ್ರಿ ಮೇಡಂ?" ಎಂದು ಕೇಳುತ್ತಾರೆ. ಬಾಲ್ಯದ ಯಾವುದೋ ಮರ, ತೋಟ, ಪುಣ್ಯವಂತ ಗುರು, ಇಂಥದೊಂದನ್ನು ನಾನು ಹೇಳುತ್ತೇನೆಂದು ಅವರ ಕಣ್ಣು ಕಾದಿರುತ್ತವೆ. "ಸಿಟ್ಟು" ಎನ್ನುತ್ತೇನೆ. ಅವರು ನಗುತ್ತಾರೆ. ನಾನು ಚೇಷ್ಟೆ ಮಾಡುತ್ತಿದ್ದೇನೆಂದು ತಿಳಿಯುತ್ತಾರೆ. ಚೇಷ್ಟೆಯಲ್ಲ. ಆ ಸಿಟ್ಟಿಗೆ ಒಂದು ಕತೆಯಿದೆ, ಅದರೊಳಗೆ ಒಬ್ಬ ಗೆಳತಿ ಇದ್ದಾಳೆ.

ಅವಳ ಹೆಸರು ದ್ರಾಕ್ಷಾಯಣಿ. ಕಾಲೇಜಿನಲ್ಲಿ ಎಲ್ಲರೂ ದ್ರಾಕ್ಷಿ ಎಂದೇ ಕರೆಯುತ್ತಿದ್ದರು. ಮಾತು ಮಾತ್ರ ಹುಣಸೆಯ ಹಾಗೆ ಹುಳಿ ಎಂದು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಮಂಟಪದ ಒಡೆಯರಾದ ನೀಲನಗೌಡರ ತಮ್ಮನ ಮಗಳು. ತಂದೆಯನ್ನು ಚಿಕ್ಕಂದಿನಲ್ಲೇ ಕಳೆದುಕೊಂಡು ದೊಡ್ಡಪ್ಪನ ಮನೆಯಲ್ಲಿ ಬೆಳೆದವಳು. ಮೇಲಿನ ಓಣಿಯ ಆ ಮನೆಯ ಹುಡುಗಿಗೂ ಕೆಳಗಿನ ಕೇರಿಯ ನನಗೂ ಗೆಳೆತನವಾದದ್ದು ಗ್ರಂಥಾಲಯದ ಒಂದೇ ಒಂದು ಫ್ಯಾನಿನ ಕೆಳಗೆ. ಆ ಜಾಗಕ್ಕಾಗಿ ಜಗಳವಾಡಿ, ಕೊನೆಗೆ ಒಂದೇ ಬೆಂಚಿನಲ್ಲಿ ಒತ್ತಿಕೊಂಡು ಕೂರುವುದನ್ನು ಕಲಿತೆವು.

ಒಮ್ಮೆ ಕಾಲೇಜಿನಲ್ಲಿ ಪರಿಸರದ ಬಗ್ಗೆ ಭಾಷಣ ಇಟ್ಟಿದ್ದರು. ಬಂದವರು ಮುಂದಿನ ಪೀಳಿಗೆಯ ಬಗ್ಗೆ ಗದ್ಗದಿತರಾಗಿ ಮಾತನಾಡಿದರು. ನಾವು ಆಕಳಿಸುತ್ತ ಚಪ್ಪಾಳೆ ತಟ್ಟಿದೆವು. ಆಮೇಲೆ ಎಲ್ಲರಿಗೂ ಪೇಪರ್ ಪ್ಲೇಟಿನಲ್ಲಿ ಉಪ್ಪಿಟ್ಟು, ಶಿರಾ ಕೊಟ್ಟರು. ತಿಂದ ಪ್ಲೇಟುಗಳು ಕಾಂಪೌಂಡಿನ ಆಚೆ ಹಾರಿ ಬಿದ್ದವು, ಭಾಷಣಕಾರರದೂ ಹಾರಿತು. ಇಡೀ ಸಭೆಯಲ್ಲಿ ಗಟ್ಟಿಯಾಗಿ ನಕ್ಕವಳು ದ್ರಾಕ್ಷಾಯಣಿ ಒಬ್ಬಳೇ. ಮರುದಿನ ಅವಳು ಚೀಲದಲ್ಲಿ ಒಂದು ಸ್ಟೀಲಿನ ತಾಟು, ಒಂದು ಹಿತ್ತಾಳೆಯ ಲೋಟ ಇಟ್ಟುಕೊಂಡು ಬಂದಳು. ಕ್ಯಾಂಟೀನಿನಲ್ಲಿ ಅದನ್ನು ಮುಂದೆ ಹಿಡಿದು, "ಇದರಾಗ ಹಾಕ್ರಿ" ಎಂದಳು.

"ಏನವಾ, ಜೋಗಮ್ಮ ಆದ್ಯಾ?" ಎಂದರು ಕ್ಯಾಂಟೀನಿನವರು.

"ಹೌದ್ರಿ. ಹಾಕ್ರಿ."

ಮೊದಲು ಎಲ್ಲರೂ ನಕ್ಕರು. ಆಮೇಲೆ ಆ ಹಿತ್ತಾಳೆಯ ಲೋಟ ಕೆಲವು ಹುಡುಗಿಯರಿಗೆ ಚೆಂದ ಕಂಡಿತು. ಅವರೂ ಅಜ್ಜಿಯ ಪೆಟ್ಟಿಗೆ ಹುಡುಕಿ ಅಂಥದ್ದೇ ತಂದರು. ಹುಡುಗಿಯರು ತಂದರೆಂದು ಹುಡುಗರು ತಂದರು. ನಮ್ಮ ತರಗತಿಯ ಮೌಲಾಲಿ ಎಂಬವನು, ಯಾರ ಗಮನ ಸೆಳೆಯಲೋ, ದೊಡ್ಡ ಪರಾತವನ್ನೇ ಹೊತ್ತು ತಂದು ಒಂದು ವಾರ ಎಲ್ಲರನ್ನೂ ನಗಿಸಿದ. ಭೂಮಿ ಉಳಿಯಲಿ ಎಂದು ತಂದವರು ಯಾರೂ ಇರಲಿಲ್ಲ. ಆದರೂ ಕ್ಯಾಂಟೀನಿನ ಹಿಂದಿನ ಕಸ ಕಡಿಮೆಯಾದದ್ದು ನಿಜ.

ನಾನು ಮಾತ್ರ ತರಲಿಲ್ಲ.

"ನೀ ಯಾಕ ತರಂಗಿಲ್ಲ?" ಎಂದು ದ್ರಾಕ್ಷಾಯಣಿ ಪೀಡಿಸಿದಳು. "ಆ ಹೊಗಿ ಕುಡಿಯೋರು ನೀವು. ಎಲ್ಲಾರಕಿಂತ ಮೊದಲ ನೀ ತರಬೇಕು."

"ನನಗ ಮನಸಿಲ್ಲ."

"ಮನಸು ಯಾಕಿಲ್ಲ?"

ಯಾಕಿಲ್ಲ ಎಂಬುದು ನನಗೇ ಸರಿಯಾಗಿ ತಿಳಿದಿರಲಿಲ್ಲ. ನಮ್ಮ ಮನೆಯಿಂದ ಯಾರೂ ಯಾವ ಸಮಾರಂಭಕ್ಕೂ ತಾಟು ಒಯ್ಯಕೂಡದು ಎಂದು ಅಪ್ಪ ಒಮ್ಮೆ ಹೇಳಿದ್ದ. ಕಾರಣ ಹೇಳಿರಲಿಲ್ಲ. ಆ ದನಿಯಲ್ಲಿ ಅಪ್ಪ ಹೇಳಿದ ಮಾತಿಗೆ ನಮ್ಮ ಮನೆಯಲ್ಲಿ ಕಾರಣ ಕೇಳುತ್ತಿರಲಿಲ್ಲ.

ಅಪ್ಪ ಬಸ್ಸಿನ ಚಾಲಕ. ಖಾಕಿ ಅಂಗಿಯನ್ನು ತಾನೇ ಇಸ್ತ್ರಿ ಮಾಡಿಕೊಳ್ಳುತ್ತಿದ್ದ. ಅವ್ವ ಮಾಡಿದರೆ ಕಾಲರು ನಿಲ್ಲುವುದಿಲ್ಲ ಎಂಬುದು ಅವನ ತಕರಾರು. ಜಗತ್ತಿನಲ್ಲಿ ಅವನಿಗೆ ಬಸ್ಸಿನ ನಂತರ ಪ್ರಿಯವಾದದ್ದು ಮದುವೆಯ ಊಟ. ಆಮಂತ್ರಣ ಬಂದರೆ ಅದನ್ನು ದೇವರ ಪಟದ ಸಂದಿಯಲ್ಲಿ ಸಿಕ್ಕಿಸಿ, ಹೋಗಿ ಬರುವ ತನಕ ನೋಡುತ್ತಿದ್ದ. ಅದರಲ್ಲೂ ಖಾನೆಗಳಿರುವ ಪೇಪರ್ ಪ್ಲೇಟು ಎಂದರೆ ಅವನಿಗೆ ಹಿಗ್ಗು. ಊಟ ಮಾಡಿ ಬಂದು, "ಎಲ್ಲಾರಿಗೂ ಒಂದ ನಮೂನಿ ಪ್ಲೇಟು. ಗೌಡಗೂ ಅದ, ನನಗೂ ಅದ. ಉಂಡ, ಒಗದ, ಎದ್ದ ಬರೂದು. ಇದಕ್ಕಿಂತ ಚೊಲೊ ಕಾಲ ಬರೂದಿಲ್ಲ" ಎಂದು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ. ಅದೇ ಪ್ಲೇಟಿನ ಹೊಗೆ ಎರಡು ದಿನ ಬಿಟ್ಟು ನಮ್ಮ ಮನೆಗೇ ಬರುತ್ತದೆ ಎಂದು ಅವ್ವ ನೆನಪಿಸಿದರೆ ಕೇಳಿಸದವನಂತೆ ಇರುತ್ತಿದ್ದ.

ಆ ವರ್ಷ ಡಿಪೋದ ಮ್ಯಾನೇಜರರ ಮಗಳ ಮದುವೆ ಅದೇ ಮಂಟಪದಲ್ಲಿ ನಡೆಯಿತು. ಅಪ್ಪನ ಜೊತೆ ನಾನೂ ಹೋದೆ. ಪಂಕ್ತಿಯಲ್ಲಿ ಕೂತೆವು. ದ್ರಾಕ್ಷಾಯಣಿ ದೂರದಿಂದ ನನ್ನನ್ನು ಕಂಡು ಓಡಿಬಂದು ಪಕ್ಕದಲ್ಲೇ ಕೂತಳು. ಅಪ್ಪನಿಗೆ ಕೈಮುಗಿದು, "ಆರಾಮ ಅದೀರಿ ಕಾಕಾ?" ಎಂದಳು. ಅಪ್ಪನ ಮುಖ ಅರಳಿತು. ಅವಳು ತನ್ನ ಮುಂದಿನ ಪೇಪರ್ ಪ್ಲೇಟನ್ನು ಹಿಂದಕ್ಕೆ ಸರಿಸಿ, ಚೀಲದಿಂದ ಸ್ಟೀಲಿನ ತಾಟು ತೆಗೆದು ಇಟ್ಟುಕೊಂಡಳು.

ಅನ್ನ ಕಲೆಸುತ್ತಿದ್ದ ಅಪ್ಪನ ಕೈ ನಿಂತಿತು. ಅವನು ಆ ತಾಟನ್ನು ನೋಡಿದ, ಪಂಕ್ತಿಯ ಈ ತುದಿಯಿಂದ ಆ ತುದಿಗೆ ನೋಡಿದ. ಬೇರೆ ಯಾರೂ ತಾಟು ತಂದಿರಲಿಲ್ಲ. ನಮ್ಮ ಪಕ್ಕ ಕೂತವಳು ಮಾತ್ರ ತಂದಿದ್ದಳು. "ಹೊಟ್ಟಿ ಸರಿಯಿಲ್ಲ" ಎಂದು ಹೇಳಿ ಅಪ್ಪ ಎದ್ದುಬಿಟ್ಟ. ಮದುವೆಯ ಊಟದಿಂದ ಅವನು ಅರ್ಧಕ್ಕೆ ಎದ್ದದ್ದು ನಾನು ಕಂಡದ್ದು ಅದೊಂದೇ ಸಲ.

ಮನೆಗೆ ಬಂದು ಕಟ್ಟೆಯ ಮೇಲೆ ಕೂತ. ನಾನು ನೀರು ಕೊಟ್ಟು ಎದುರಿಗೆ ಕೂತೆ.

"ಆ ಹುಡುಗಿ ಮ್ಯಾಲ ನನಗ ಸಿಟ್ಟಿಲ್ಲ" ಎಂದು ಶುರು ಮಾಡಿದ. "ಆಕಿಗೇನ ಗೊತ್ತು. ನಾ ಸಣ್ಣಾವ ಇದ್ದಾಗ ಮ್ಯಾಲಿನ ಓಣ್ಯಾಗ ಮದುವಿ ಅಂದ್ರ ನಮ್ಮಪ್ಪ ನನ್ನ ಕೈಯಾಗ ಜರ್ಮನ್ ತಾಟು, ಅಲ್ಯುಮಿನಿಯಮ್ಮಿಂದು, ಕೊಟ್ಟು ಕರಕೊಂಡು ಹೊಕ್ಕಿದ್ದ. ನಮ್ಮ ತಾಟು ನಾವ ಒಯ್ಯಬೇಕು. ದನದ ಕೊಟ್ಟಿಗಿ ಕಡೆ ನಿಂದರಬೇಕು. ಎಲ್ಲಾರೂ ಉಂಡ ಮ್ಯಾಲ ಒಬ್ಬಾಂವ ಬರತಿದ್ದ. ಅನ್ನ, ಸಾರು, ಹುಗ್ಗಿ ಎಲ್ಲಾ ಒಂದರ ಮ್ಯಾಲೊಂದು ಮ್ಯಾಲಿಂದ ಸುರುವತಿದ್ದ. ಒಮ್ಮಿ ನಾ, ಹುಗ್ಗಿ ಬ್ಯಾರೆ ಹಾಕ್ರೀ ಅಂದ್ಯಾ. ನಮ್ಮಪ್ಪ ನನ್ನ ತೋಳಿಗೆ ಚಿವುಟಿದ ನೋಡು… ಮನಿಗೆ ಬರೂತನಾ ಬಿಡಲಿಲ್ಲ. ಸಿಹಿ ಬ್ಯಾರೆ, ಖಾರ ಬ್ಯಾರೆ ಉಣ್ಣಾಕ ನನಗ ಈ ಪ್ಲೇಟು ಬರಬೇಕಾತು."

ನೀರಿನ ಲೋಟ ಕೆಳಗಿಟ್ಟು, "ಬಾಜೂಕ ಕೂತು ತನ್ನ ತಾಟು ತಗದ್ಳಲ್ಲ… ಎದೀ ಝಲ್ ಅಂತು" ಎಂದ.

ಮರುದಿನ ಗ್ರಂಥಾಲಯದ ಫ್ಯಾನಿನ ಕೆಳಗೆ ನಾನು ದ್ರಾಕ್ಷಾಯಣಿಗೆ ಎಲ್ಲವನ್ನೂ ಹೇಳಿದೆ. ಮೆತ್ತಗೆ ಹೇಳಲಿಲ್ಲ. "ತಾಟು ಹೊತ್ತಕೊಂಡು ತಿರಗೂದು ನಿನಗ ಹೊಸಾ ಫ್ಯಾಶನ್ನು. ನಮ್ಮ ಅಜ್ಜ, ಮುತ್ತಜ್ಜ ಹೊತ್ತ ಹೊತ್ತ ಸತ್ತಾರ" ಎಂದೆ. ಅವಳ ಮುಖ ಬಿಳಿಚಿಕೊಂಡಿತು. ಪುಸ್ತಕ ಮುಚ್ಚಿ ಎದ್ದು ಹೋದಳು. ಗೆಳೆತನ ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಕೆಲವು ದಿನ ಅವಳು ಕಾಲೇಜಿಗೇ ಬರಲಿಲ್ಲ. ಬಂದವಳು ನೇರವಾಗಿ ನನ್ನ ಬಳಿ ಬಂದು, "ನಿನಗ ಒಂದು ಹೇಳಬೇಕು. ಹೇಳದ ಇರಬೋದಾಗಿತ್ತು. ಆದ್ರ ಹೇಳ್ತೀನಿ" ಎಂದಳು. ನಾವು ಹಳ್ಳದ ಸೇತುವೆಗೆ ಹೋಗಿ ಕೂತೆವು. ಎದುರಿಗೆ ಆ ಗುಡ್ಡೆ, ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು.

ಮಂಟಪದಲ್ಲಿ ಮೊದಲು ಸ್ಟೀಲಿನ ತಾಟುಗಳಿದ್ದವಂತೆ. ಇಡೀ ಊರಿಗೆ ಸಾಕಾಗುವಷ್ಟು. ಅವನ್ನು ಒಂದು ಕೋಣೆಯಲ್ಲಿ ತುಂಬಿ ಬೀಗ ಹಾಕಿ ಎಷ್ಟೋ ವರ್ಷಗಳಾಗಿತ್ತು. ತೊಳೆಯುವವರು ಸಿಗುವುದಿಲ್ಲ, ಅದಕ್ಕೇ ಬಿಟ್ಟೆವು ಎಂದು ದೊಡ್ಡಪ್ಪ ಎಲ್ಲರಿಗೂ ಹೇಳುತ್ತಿದ್ದ. ದ್ರಾಕ್ಷಾಯಣಿಯೂ ನಂಬಿದ್ದಳು. ನನ್ನ ಮಾತು ಕೇಳಿ ಹೋದ ಮೇಲೆ ಅವಳು ತನ್ನ ಅಜ್ಜಿಯನ್ನು ಕೇಳಿದಳು. ಅಜ್ಜಿಗೆ ಮುಚ್ಚಿಡಬೇಕಾದ್ದು ಅದರಲ್ಲಿ ಏನೂ ಕಾಣಲಿಲ್ಲ. ಹತ್ತಿ ಬಿಡಿಸುತ್ತ ಸಹಜವಾಗಿ ಹೇಳಿಬಿಟ್ಟಳು. ದ್ರಾಕ್ಷಾಯಣಿ ಅಜ್ಜಿಯ ಮಾತನ್ನು ಅಜ್ಜಿಯ ದನಿಯಲ್ಲೇ ನನಗೆ ಒಪ್ಪಿಸಿದಳು:

"ಕಾಲ ಕೆಟ್ಟು ಎಲ್ಲಾರೂ ಒಳಗ ಬಂದು ಪಂಕ್ತ್ಯಾಗ ಕೂಡಾಕ ಹತ್ತಿದ್ರು. ಬ್ಯಾಡ ಅನ್ನಾಕ ಬರಂಗಿಲ್ಲ, ಕೇಸ್ ಮಾಡ್ತಾರ. ಆದ್ರ ಯಾರು ಉಂಡ ತಾಟಿನ್ಯಾಗ ಯಾರು ಉಣ್ಣೂದವಾ? ನಿಮ್ಮ ದೊಡ್ಡಪ್ಪ ಶಾಣ್ಯಾ. ಪೇಪರಿಂದು ತರಿಸಿದ. ಅವರು ಉಂಡಿದ್ದು ಅವರ ಹಿಂದ ಹೋಕ್ಕತಿ. ಜಗಳಿಲ್ಲ, ತಂಟಿಲ್ಲ."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಒಮ್ಮೆಲೇ ಆಯಿತು. ಸೇತುವೆಯ ಕಲ್ಲು ಬಿಗಿಯಾಗಿ ಹಿಡಿದುಕೊಂಡೆ. ಅಪ್ಪ ಯಾವುದನ್ನು ತನ್ನ ಮರ್ಯಾದೆ ಎಂದು ಎದೆಗೊತ್ತಿಕೊಂಡಿದ್ದನೋ, ಅದು ಅವನಿಂದ ದೂರವಿರಲು ಊರು ಹುಡುಕಿಕೊಂಡ ಉಪಾಯವಾಗಿತ್ತು. ಕೊಟ್ಟಿಗೆಯ ಕಡೆ ನಿಲ್ಲಿಸುವುದು ಬಿಟ್ಟು ಪಂಕ್ತಿಯಲ್ಲೇ ಕೂರಿಸಿ, ಪ್ರತಿಯೊಬ್ಬರ ಕೈಗೂ ಒಂದೊಂದು ಕೊಟ್ಟಿಗೆ ಕೊಟ್ಟಿದ್ದರು. ನನ್ನ ಕಣ್ಣಿಗೆ ಆ ಗುಡ್ಡೆ ಆಮೇಲೆ ಕಸವಾಗಿ ಕಾಣಲಿಲ್ಲ. ಒಂದು ಊರಿಗೆ ಊರೇ ತನ್ನ ಹೇಸಿಕೆಯನ್ನು ಬಿಳಿ ಬಣ್ಣ ಬಳಿದು ನಮ್ಮ ಮನೆಯ ಮುಂದೆ ಒಟ್ಟಿತ್ತು. ಆಗಾಗ ಬೆಂಕಿ ಹಚ್ಚಿ ಅದನ್ನು ನಮಗೇ ಕುಡಿಸುತ್ತಿತ್ತು.

"ಈಗ ಏನ್ ಮಾಡೂದು?" ಎಂದಳು ದ್ರಾಕ್ಷಾಯಣಿ.

"ಆ ಕ್ವಾಣಿ ಬೀಗ ತಗಸೂದು" ಎಂದೆ.

ಆಗ ನನ್ನ ಅಣ್ಣನ ಮದುವೆ ನಿಶ್ಚಯವಾಗಿತ್ತು. ಕೇರಿಯಿಂದ ಆ ಮಂಟಪದಲ್ಲಿ ನಡೆಯುವ ಮೊದಲ ಮದುವೆ. ಅಪ್ಪ ಬೆಳ್ಳಿಯ ಅಂಚಿನ ಪ್ಲೇಟು ತರಿಸುವ ಕನಸಿನಲ್ಲಿದ್ದ. ಅವನಿಗೆ ಹೇಳುವುದೋ ಬೇಡವೋ ಎಂದು ಅವ್ವನನ್ನು ಕೇಳಿದೆ. "ಅವನ ಹಿಗ್ಗು ಯಾಕ ಒಡಿತೀ?" ಎಂದ ಅವ್ವ, ಅರೆಗಳಿಗೆ ಬಿಟ್ಟು, "ಹೇಳು. ಸುಳ್ಳ ಹಿಗ್ಗು ಇಟಗೊಂಡು ಏನ್ ಮಾಡೂದೈತಿ" ಎಂದಳು.

ಹೇಳಿದಾಗ ಅಪ್ಪ ಅಂಗಿಗೆ ಇಸ್ತ್ರಿ ಮಾಡುತ್ತಿದ್ದ. ಕೆಂಡದ ಪೆಟ್ಟಿಗೆಯನ್ನು ಎತ್ತಿ ಬದಿಗಿಟ್ಟ. ಬಯ್ಯುತ್ತಾನೆ, ಅಳುತ್ತಾನೆ, ನಂಬುವುದಿಲ್ಲ, ಏನೆಲ್ಲ ಅಂದುಕೊಂಡಿದ್ದೆ. ಅವನು ಕಾಲರನ್ನು ಎರಡು ಬೆರಳಿನಿಂದ ಸರಿಪಡಿಸುತ್ತ ಬಹಳ ಹೊತ್ತು ನಿಂತ. ಆಮೇಲೆ ಕೇಳಿದ್ದು ಒಂದೇ ಮಾತು:

"ಆ ತಾಟು ಇನ್ನೂ ಅದಾವೇನು?"

ಇಸ್ತ್ರಿ ಮಾಡಿದ ಅದೇ ಅಂಗಿ ಹಾಕಿಕೊಂಡು ಅಪ್ಪ, ಅಣ್ಣ, ನಾನು ನೀಲನಗೌಡರ ಪಡಸಾಲೆಗೆ ಹೋದೆವು. ಗೌಡರು ಒರಟರಲ್ಲ. ಕೂರಲು ಹೇಳಿದರು, ಕೂಲಂಕಷವಾಗಿ ಕೇಳಿಸಿಕೊಂಡರು.

"ತಾಟು ಕೊಡಾಕ ನನಗೇನ ಅಡ್ಡಿ? ತೊಳಿಯೋರು ಯಾರು?"

"ನಾವು ತೊಳೀತೀವ್ರಿ" ಎಂದೆ. "ನಮ್ಮ ಕಾಲೇಜಿನ ಹುಡುಗರೂ ಬರ್ತಾರ. ತೊಳದು, ಒರಿಸಿ, ಹೆಂಗ ಇದ್ದೂವೋ ಹಂಗ ಕ್ವಾಣ್ಯಾಗ ಇಟ್ಟು ಕೊಡ್ತೀವಿ."

ಗೌಡರು ತಮ್ಮ ಮೀಸೆಯ ತುದಿ ಮುಟ್ಟಿಕೊಂಡರು. "ಇಟ್ಟು ಕೊಡೂದು ಬ್ಯಾಡ ಬಿಡ್ರಿ. ಒಮ್ಮಿ ಒಯ್ದ ಮ್ಯಾಲ ನೀವ ಇಟ್ಕೋರಿ. ನಮಗ ವಾಪಸ್ ಬ್ಯಾಡ. ಮದುವಿ ಉಡುಗರಿ ಅಂತ ತಿಳೀರಿ."

ಒಳಬಾಗಿಲಲ್ಲಿ ದ್ರಾಕ್ಷಾಯಣಿ ನಿಂತಿದ್ದಳು. "ಯಾಕ ವಾಪಸ್ ಬ್ಯಾಡ ದೊಡ್ಡಪ್ಪಾ?" ಎಂದಳು.

"ನೀ ಒಳಗ ಹೋಗು."

"ಹೋಗಂಗಿಲ್ಲ. ಯಾಕ ಬ್ಯಾಡ, ಅವರ ಮುಂದ ಹೇಳು. ಅಜ್ಜಿ ನನ್ನ ಮುಂದ ಹೇಳ್ಯಾಳ."

ಗೌಡರ ಮುಖ ಕೆಂಪಾಯಿತು. ಆದರೆ ಬಾಯಿ ತೆರೆಯಲಿಲ್ಲ. ತೆರೆದರೆ ಆಡಬೇಕಾದ ಮಾತು ಯಾವುದೆಂದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಅಪ್ಪ ಮೆಲ್ಲಗೆ ಎದ್ದು ನಿಂತ. ಬಸ್ಸಿನಲ್ಲಿ ಗದ್ದಲ ಮಾಡುವವರನ್ನು ಇಳಿಸುವಾಗ ಅವನು ಬಳಸುತ್ತಿದ್ದ ತಣ್ಣನೆಯ ದನಿ ಅದು.

"ಗೌಡ್ರ, ಉಡುಗರಿ ಅಂತ ತಗೋಳಂಗಿಲ್ಲ. ನೀವು ಒಲ್ಲೆ ಅಂದೀರಿ, ಅದಕ್ಕ ತಗೋತೀನಿ. ಒಲ್ಲೆ ಅಂದದ್ದನ್ನ ಇನ್ನೊಮ್ಮಿ ಬೇಕು ಅನ್ನಬ್ಯಾಡ್ರಿ."

ಮದುವೆಯ ಹಿಂದಿನ ದಿನ ಮಧ್ಯಾಹ್ನ ಆ ತಾಟುಗಳು ಹಳ್ಳದ ಬಂಡೆಗಳ ಮೇಲೆ ಬಂದವು. ಜೇಡರ ಬಲೆ, ಇಲಿಯ ಹಿಕ್ಕೆ, ವರ್ಷಗಳ ಧೂಳು. ಬೂದಿ, ಹುಣಸೆಹಣ್ಣು, ತೆಂಗಿನ ನಾರು ಹಿಡಿದು ಕೂತೆವು. ಕಾಲೇಜಿನಿಂದ ಒಂದು ಹಿಂಡೇ ಬಂದಿತ್ತು. ಅವರೆಲ್ಲ ಯಾಕೆ ಬಂದರು ಎಂದು ಈಗಿನ ಹುಡುಗರು ಕೇಳಿದರೆ ನಾನು ಹೇಳುವುದು ಇಷ್ಟೇ: ಮೌಲಾಲಿ ಒಬ್ಬ ಹುಡುಗಿಗಾಗಿ ಬಂದಿದ್ದ. ಆ ಹುಡುಗಿ ಮನೆಯಲ್ಲಿ ಓದು ಓದು ಎನ್ನುವವರ ಕಾಟ ತಪ್ಪಿಸಿಕೊಳ್ಳಲು ಬಂದಿದ್ದಳು. ಒಬ್ಬನಿಗೆ ಗೌಡರ ಮಗನ ಮೇಲೆ ಹಳೆಯ ಹಗೆ. ಇನ್ನೊಬ್ಬಳು ತನ್ನಪ್ಪ 'ಹೋದರೆ ಕಾಲು ಮುರಿತೀನಿ' ಅಂದದ್ದಕ್ಕೇ ಬಂದಿದ್ದಳು. ಕೈಗೆ ಬೂದಿ ಹತ್ತಿದ ಮೇಲೆ ಯಾರು ಯಾತಕ್ಕೆ ಬಂದರೆಂಬುದು ಯಾರಿಗೂ ನೆನಪಿರಲಿಲ್ಲ. ಸಂಜೆಯ ಹೊತ್ತಿಗೆ ಹಳ್ಳದ ದಂಡೆಯಲ್ಲಿ ಎರಡು ಗುಡ್ಡೆಗಳಿದ್ದವು: ಒಂದು ಬಿಳಿಯದು, ಒಂದು ಹೊಳೆಯುವುದು.

ಮದುವೆಯ ದಿನ ಅಕ್ಕಿಕಾಳು ಬಿದ್ದವು, ವಾಲಗದವರು ಊದಿದರು, ಎಲ್ಲ ಸಾಂಗವಾಯಿತು. ಊಟದ ಹೊತ್ತಿಗೆ ಸುದ್ದಿ ಊರೆಲ್ಲ ಹರಡಿತ್ತು. ಮೊದಲ ಪಂಕ್ತಿಗೆ ನಮ್ಮ ಕೇರಿಯವರು, ಬೀಗರು ಕೂತರು. ಉಂಡರು. ತಾಟುಗಳು ತೊಳೆಯಲು ಹೋಗಿ, ಒರೆಸಿಕೊಂಡು ಬಂದು ಎರಡನೆಯ ಪಂಕ್ತಿಗೆ ಸಾಲಾಗಿ ಕೂತವು. ಆಗ ಶುರುವಾಯಿತು. ಅಕ್ಷತೆ ಹಾಕಲು ಬಂದಿದ್ದ ಮೇಲಿನ ಓಣಿಯವರು, ಪೇಟೆಯವರು ತಾಟು ನೋಡುತ್ತಲೇ ಒಬ್ಬೊಬ್ಬರಾಗಿ ಹಿಂದೆ ಸರಿದರು. ಒಬ್ಬರದು ಅಂದು ಒಪ್ಪತ್ತು. ಇನ್ನೊಬ್ಬರಿಗೆ ಪಿತ್ತ. ಮತ್ತೊಬ್ಬರಿಗೆ ಬೇರೆ ಊರಿಗೆ ಹೋಗುವ ಅವಸರ. ಆ ಊರಿಗೆ ಹೋಗುವ ಬಸ್ಸು ಯಾವಾಗ ಎಂದು ಅಪ್ಪನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಅವನು ಎಲ್ಲರಿಗೂ ಕೈಮುಗಿದು, "ಆಗಲಿ, ಆಗಲಿ" ಎನ್ನುತ್ತ ನಿಂತಿದ್ದ. ಇಡೀ ಪಂಕ್ತಿ ಖಾಲಿ. ತಾಟುಗಳು ಮಾತ್ರ ಬಾಯಿ ತೆರೆದುಕೊಂಡು ಕೂತಿದ್ದವು. ಬಡಿಸುವವರು ಹುಗ್ಗಿಯ ಬಕೆಟ್ಟು ಹಿಡಿದು ಯಾರ ಮುಖ ನೋಡುವುದೆಂದು ತಿಳಿಯದೆ ನಿಂತರು. ಅವ್ವ ಕಂಬದ ಮರೆಗೆ ಹೋದಳು.

ದ್ರಾಕ್ಷಾಯಣಿ ಬಂದಳು. ಅವಳ ಹೆಗಲಿಗೆ ಚೀಲ ಇರಲಿಲ್ಲ. ಮೊದಲ ಪಂಕ್ತಿಯ ತುದಿಯಲ್ಲಿ ತೊಳೆಯಲು ಹೋಗದೆ ಉಳಿದಿದ್ದ ಒಂದು ತಾಟಿತ್ತು. ಬೀಗರ ಜೊತೆ ಕೂತು ಅಪ್ಪ ಉಂಡ ತಾಟು. ಅದನ್ನು ಎತ್ತಿಕೊಂಡಳು. ಎಲ್ಲರೂ ನೋಡುತ್ತಿದ್ದಂತೆ ನೀರಿನ ಡ್ರಮ್ಮಿನ ಬಳಿ ಹೋಗಿ ಬೂದಿ ಹಾಕಿ ತಿಕ್ಕಿದಳು, ಗಲಬರಿಸಿದಳು, ತನ್ನ ರೇಶಿಮೆ ಸೆರಗಿನಿಂದ ಒರೆಸಿದಳು. ತಂದು ಖಾಲಿ ಪಂಕ್ತಿಯ ನಟ್ಟನಡುವೆ ಇಟ್ಟುಕೊಂಡು ಕೂತಳು.

"ಕಾಕಾ, ಹಸಿವ್ಯಾಗೇತಿ. ನೀವ ಬಡಸ್ರಿ."

ಅಪ್ಪ ಬಕೆಟ್ಟು ಇಸಿದುಕೊಂಡ. ಬಗ್ಗಿ, ಆಮೇಲೆ ಬರುವ ಅನ್ನ ಸಾರಿಗೆ ತಾಗದಂತೆ, ತಾಟಿನ ಒಂದು ಅಂಚಿಗೆ ಹುಗ್ಗಿ ಬಡಿಸಿದ. ಮೆಲ್ಲಗೆ ಬಡಿಸಿದ. ನೆಟ್ಟಗಾಗಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಆಮೇಲೆ ಊರೆಲ್ಲ ಬಂದು ಕೂತಿತು ಎಂದು ಬರೆದರೆ ಚೆಂದವಾದೀತು. ಹಾಗಾಗಲಿಲ್ಲ. ಮೌಲಾಲಿ ಕೂತ, ಅವನೆದುರು ಆ ಹುಡುಗಿ ಕೂತಳು, ಕಾಲು ಮುರಿಸಿಕೊಳ್ಳಬೇಕಾದವಳು ಕೂತಳು, ನಿನ್ನೆ ಬೂದಿ ಮೆತ್ತಿಕೊಂಡವರೆಲ್ಲ ಕೂತರು. ಡಿಪೋದ ಮ್ಯಾನೇಜರರು ಬಹಳ ಹೊತ್ತು ಬಾಗಿಲಲ್ಲಿ ನಿಂತು, ಕೊನೆಗೆ ಚಪ್ಪಲಿ ಬಿಟ್ಟು ಒಳಗೆ ಬಂದರು. ಅಷ್ಟೇ. ದೊಡ್ಡವರಲ್ಲಿ ಮಿಕ್ಕವರು ಮನೆಗೆ ಹೋಗಿ ಉಂಡರು. ಪಂಕ್ತಿ ತುಂಬಲಿಲ್ಲ, ಆದರೆ ಖಾಲಿ ಎಂದು ಯಾರೂ ಹೇಳುವಂತಿರಲಿಲ್ಲ. ಉಳಿದ ಹುಗ್ಗಿಯನ್ನು ಹುಡುಗರು ಸೇರಿಗೆ ಸವ್ವಾಸೇರು ಎಂಬಂತೆ ಉಂಡು ಮುಗಿಸಿದರು.

ಊಟ ಮುಗಿದ ಮೇಲೆ ತಾಟುಗಳನ್ನು ಕೈಗಾಡಿಗೆ ಒಟ್ಟಿದೆವು. ಕೇರಿಗೆ ಹಳ್ಳದ ಹಾದಿ ಹತ್ತಿರ. "ಪೇಟೆ ಹಾದಿ ಹಿಡೀರಿ" ಎಂದ ಅಪ್ಪ. ನಡುಮಧ್ಯಾಹ್ನ, ಅಂಗಡಿಗಳ ಮುಂದೆ, ಮೇಲಿನ ಓಣಿಯ ಮುಂದೆ, ಗೌಡರ ಪಡಸಾಲೆಯ ಮುಂದೆ ಆ ಗಾಡಿ ಝಣ ಝಣ ಎನ್ನುತ್ತ ಹೋಯಿತು. ಹಗ್ಗ ಬಿಗಿಯಾಗಿ ಕಟ್ಟಿದ್ದರೆ ಅಷ್ಟು ಸದ್ದಾಗುತ್ತಿರಲಿಲ್ಲ. ಬೇಕೆಂದೇ ಸಡಿಲ ಬಿಟ್ಟಿದ್ದೆವು.

ಅದಕ್ಕೆ ಬೆಲೆ ತೆತ್ತವಳು ದ್ರಾಕ್ಷಾಯಣಿ. ಮೂರ್ನಾಲ್ಕು ದಿನ ಬಿಟ್ಟು ಅವಳು ನಮ್ಮ ಮನೆಗೆ ಬಂದಳು. ನಗುತ್ತಿದ್ದಳು, ಕಣ್ಣು ಮಾತ್ರ ಊದಿಕೊಂಡಿದ್ದವು. "ನನಗೂ ಬಂತವಾ" ಎಂದಳು.

"ಏನು?"

"ಪೇಪರ್ ಪ್ಲೇಟು. ಮನ್ಯಾಗ ನನಗ ಅದರಾಗ ನೀಡಾಕ ಹತ್ಯಾರ. ಅಡಗಿಮನಿ ಹೊಸ್ತಿಲ ದಾಟಾಕ ಬಿಡವಲ್ರು."

ಅವ್ವ ಎದ್ದಳು. ಒಳಗೆ ಹೋಗಿ ಬಿಸಿ ರೊಟ್ಟಿ, ಎಣಗಾಯಿ ಹಾಕಿಕೊಂಡು ಬಂದು, ತನ್ನ ತಾಟಿನಲ್ಲೇ ಅವಳಿಗೆ ಕೊಟ್ಟಳು. ದ್ರಾಕ್ಷಾಯಣಿ ಉಂಡಳು. ಬಿಟ್ಟುಬಂದ ದೊಡ್ಡಪ್ಪನ ಮನೆಯ ಹೊಸ್ತಿಲನ್ನು ಅವಳು ಮತ್ತೆ ದಾಟಿದ್ದು ಅಜ್ಜಿ ತೀರಿಕೊಂಡಾಗ. ಓದು ಮುಗಿಸಿ ಕೆಲಸ ಹಿಡಿದಳು. ಯಾರ ಮುಂದೆಯೂ ಕ್ಷಮೆ ಕೇಳಲಿಲ್ಲ. ಬೇಸರವಾಗಲಿಲ್ಲವೇ ಎಂದು ಒಮ್ಮೆ ಕೇಳಿದ್ದಕ್ಕೆ, "ಆಗೇತಿ. ಆದ್ರೂ ನಾ ಸೋತಿಲ್ಲ" ಎಂದಿದ್ದಳು.

ತಾಟುಗಳು ನಮ್ಮ ಹಿತ್ತಿಲ ಕೋಣೆ ತುಂಬಿದವು. ಅವನ್ನು ಯಾರು ಕೇಳಿದರೂ ಕೊಡುವುದು, ಯಾವ ಓಣಿಯವರಾದರೂ ಸರಿ. ಕರಾರು ಒಂದೇ, ಉಂಡವರೇ ತೊಳೆದು ತಂದು ಕೊಡಬೇಕು ಎಂದು ಅಪ್ಪ ತೀರ್ಮಾನಿಸಿದ. ಮೊದಮೊದಲು ಕೇರಿಯವರೇ ಒಯ್ದರು. ಆಮೇಲೆ ಹುಡುಗರು ತಮ್ಮ ಮದುವೆಗೆ ಒಯ್ಯತೊಡಗಿದರು. ಮನೆಯ ಹಿರಿಯರೊಡನೆ ಹಟ ಹಿಡಿದು ಒಯ್ದವರಿದ್ದಾರೆ, ಗೆಳೆಯ ಒಯ್ದನೆಂದು ಒಯ್ದವರಿದ್ದಾರೆ, ಫೋಟೊದಲ್ಲಿ ಚೆಂದ ಕಾಣುತ್ತದೆಂದು ಒಯ್ದವರೂ ಇದ್ದಾರೆ. ಕಾರಣ ಕೇಳುವುದು ನಮ್ಮ ಪದ್ಧತಿಯಲ್ಲ. ಹಳ್ಳದ ದಂಡೆಯ ಗುಡ್ಡೆ ಒಮ್ಮೆಗೇ ಮಾಯವಾಗಲಿಲ್ಲ. ಬಹುಕಾಲ ಇತ್ತು, ಬೆಳೆಯುವುದು ಮಾತ್ರ ನಿಂತಿತು. ಅವ್ವನ ಬಟ್ಟೆಗಳು ಒಂದೇ ನೀರಿಗೆ ಒಣಗತೊಡಗಿದವು.

ಮೌಲಾಲಿಯ ಮದುವೆಯ ಮರುದಿನ ನನಗೆ ಚೆನ್ನಾಗಿ ನೆನಪಿದೆ. ಹೌದು, ಅದೇ ಹುಡುಗಿಯ ಜೊತೆ. ತಾಟುಗಳು ಕೇರಿಯ ಆಚೆಗೆ ಹೋಗಿ ಬಂದ ಮೊದಲ ಸಲ ಅದು. ಬೀಗರೆಲ್ಲ ಸೇರಿ ತೊಳೆದು ತಂದ ತಾಟುಗಳನ್ನು ನಮ್ಮ ಅಂಗಳದಲ್ಲಿ ಬೋರಲು ಹಾಕಿ ಒಣಗಿಸಿದ್ದೆವು. ಸಂಜೆ ಇದ್ದಕ್ಕಿದ್ದಂತೆ ಮೋಡ ಕವಿದು ದೊಡ್ಡ ದೊಡ್ಡ ಹನಿ ಬೀಳತೊಡಗಿದವು. "ತಾಟು ಒಳಗ ತಗೋರೇ!" ಎಂದು ಅವ್ವ ಕೂಗಿಕೊಂಡು ಓಡಿಬಂದಳು. ಬಾಗಿಲಲ್ಲಿ ಕೂತಿದ್ದ ಅಪ್ಪ ಕೈ ಅಡ್ಡ ಹಿಡಿದ.

"ಇರಲಿ ಬಿಡ. ಒಂದೀಟು ಕೇಳೂಣು."

ಅವ್ವ ಸೆರಗು ತಲೆಗೆಳೆದುಕೊಂಡು ಅವನ ಪಕ್ಕಕ್ಕೆ ನಿಂತಳು. ಮಳೆ ಅಂಗಳದ ಈ ತುದಿಯಿಂದ ಆ ತುದಿಯವರೆಗೆ ಒಂದು ತಾಟನ್ನೂ ಬಿಡದೆ ಬಾರಿಸುತ್ತ ಹೋಯಿತು.